ಕೊಟ್ರವ್ವನ ಮಗ ಬಾಡಿಗೆ ಮನೆ ಉಳಿಸಿಕೊಂಡಿದ್ದು

ಹತ್ರ ಬರ್ರಿ, ಒತ್ತಿಕೊಂಡು ಕೂತ್ಕೊಳ್ರಿ. ನಗು ಬಂದ್ರೆ ಜೋರಾಗೇ ನಗ್ರಿ, ಯಾರೂ ಕೇಳಂಗಿಲ್ಲ. ಆದ್ರೆ ನಡುವೆ ಎದ್ದು ಹೋದೋರಿಗೆ ನಾನು ಮತ್ತೆ ಮೊದಲಿಂದ ಹೇಳೋನಲ್ಲ, ಈಗ್ಲೇ ಹೇಳಿದೀನಿ.

ಕೊಟ್ರವ್ವ ಅಂತ ಒಬ್ಬ ಹೆಣ್ಮಗಳು. ಗಂಡ ಇಲ್ಲ. ಇರೋನು ಒಬ್ಬನೇ ಮಗ, ತಿಪ್ಪೇಶಿ. ತಿಪ್ಪೇಶಿ ಕೆಟ್ಟೋನಲ್ಲ. ಸೋಮಾರಿ ಅಲ್ಲ. ಹೇಳಿದ ಮಾತು ಮೀರೋನಂತೂ ಅಲ್ಲವೇ ಅಲ್ಲ. ಅದೇ ನೋಡ್ರಿ ತಾಪತ್ರಯ! "ಅಕ್ಕಿ ಆರಿಸೋವರೆಗೂ ತಲೆ ಎತ್ತಬ್ಯಾಡ ಕಣಲೇ" ಅಂದ್ರೆ ಎತ್ತಂಗಿಲ್ಲ. ಆರಿಸಿ ಪಕ್ಕಕ್ಕಿಟ್ಟ ಅಕ್ಕೀನ ಓಣಿ ಕೋಳಿಯೆಲ್ಲ ಬಂದು ತಿಂದು, ನೀರು ಕುಡಿದು, ಗೂಡಿಗೆ ಹೋದ್ರೂ ಎತ್ತಂಗಿಲ್ಲ. "ನಿನಗೇನು ಕಣ್ಣಿಲ್ವೇನೋ?" ಅಂತ ಕೊಟ್ರವ್ವ ಬೈದ್ರೆ, "ಐತಲ್ಲವ್ವಾ, ತಲೆ ಜೊತೆಗೇ ಕೆಳಗಿತ್ತು" ಅಂತಾನೆ.

ಹೆತ್ತೋರಿಗೆ ಹೆಗ್ಗಣ ಮುದ್ದು. ಬೈತಾಳೆ, ಬೈದು ಆದ್ಮೇಲೆ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡ್ತಾಳೆ.

ಕೊಟ್ರವ್ವ ವಕೀಲರಮ್ಮನ ಮನೇಲಿ ಕಸಮುಸುರೆ ಮಾಡ್ತಿದ್ಲು. ತಿಪ್ಪೇಶಿ ಜಂಬಣ್ಣನ ಮಂಡಕ್ಕಿ ಭಟ್ಟೀಲಿ ಕೆಲಸಕ್ಕಿದ್ದ. ಕಾದ ಮರಳಿನಾಗೆ ಅಕ್ಕಿ ಹುರಿಯೋದು, ಜರಡಿ ಹಿಡಿಯೋದು, ಚೀಲ ಹೊರೋದು. ಇಬ್ಬರೂ ಇದ್ದಿದ್ದು ಪಂಚಾಕ್ಷರಪ್ಪನ ವಠಾರದಾಗೆ, ರಸ್ತೆ ಕಡೆಯ ಒಂದು ಕೋಣೇಲಿ. ಆ ಪಂಚಾಕ್ಷರಪ್ಪ ಹೊಸದಾಗಿ ಕಾರು ತಗೊಂಡಿದ್ದ. ಕಾರು ನಿಲ್ಲಿಸೋಕೆ ಜಾಗ ಇರಲಿಲ್ಲ. ಈ ಕೋಣೆ ಗೋಡೆ ಒಡೆದ್ರೆ ಒಳ್ಳೇ ಶೆಡ್ಡಾಗ್ತೈತೆ ಅಂತ ದಿನಾ ಬಂದು ಗೋಡೆ ತಟ್ಟಿ ನೋಡಿ ಹೋಗೋನು.

ಅವನು ಗೋಡೆ ತಟ್ಟಿದ್ರೆ ಕೊಟ್ರವ್ವಗೆ ಎದೆ ತಟ್ಟಿದಂಗಾಗೋದು. ತನಗಾಗಿ ಅಲ್ಲ. "ನಾನೇನು, ಯಾವುದಾದ್ರೂ ಗುಡಿ ಕಟ್ಟೆ ಮೇಲೆ ಬಿದ್ಕೊಂಡೇನು. ನಾನು ಕಣ್ಣು ಮುಚ್ಚಿದ ಮೇಲೆ ಈ ಪೆದ್ದನಿಗೆ ಸೂರು ಯಾರು ಕೊಟ್ಟಾರು?" ಅಂತ ದಿನಾ ದೇವರ ಮುಂದೆ ಕಣ್ಣೀರು ಹಾಕೋಳು.

ಒಂದ್ಸಲ ತಿಪ್ಪೇಶಿ ಕೈಲಿ ಬಾಡಿಗೆ ಕೊಟ್ಟು ಕಳಿಸಿದ್ಲು. ಹೋದ, ಕೊಟ್ಟ, ಬಂದ. ಮಾರನೇ ದಿನ ಪಂಚಾಕ್ಷರಪ್ಪ ಹಲ್ಲು ಕಡ್ಡೀಲಿ ಹಲ್ಲು ಕುಕ್ಕುತಾ ಬಂದು, "ಏನ್ ಕೊಟ್ರವ್ವಾ, ಈ ತಿಂಗಳ ಬಾಡಿಗೆ ಎಲ್ಲಿ?" ಅಂದ.

"ಅಯ್ಯೋ! ನಿನ್ನೆ ಮಗ ಕೊಟ್ಟನಲ್ರೀ!"

"ಯಾರು ನೋಡಿದ್ರು? ಚೀಟಿ ಐತಾ?"

ಎಲ್ಲಿ ಬರಬೇಕು ಚೀಟಿ! ಕೊಟ್ರವ್ವ ಟ್ರಂಕಿನಾಗಿಟ್ಟಿದ್ದ ಹಳೇ ಕಾಲುಂಗುರ ಅಡ ಇಟ್ಟು ಇನ್ನೊಂದು ಸಲ ಕೊಟ್ಲು. ಆಮೇಲೆ ಮಗನ ಕಡೆ ತಿರುಗಿದ್ಲು.

"ಲೇ ದಡ್ಡ! ವಕೀಲರಮ್ಮ ಬಾಯಿ ಬಡ್ಕೊಂಡು ಹೇಳ್ತಾರೆ, ಬಾಡಿಗೆ ಕೊಟ್ಟ ಮೇಲೆ ರಸೀದಿ ಇಸ್ಕೊಳ್ಳೋದು ನಮ್ಮ ಹಕ್ಕು ಅಂತ. ಇನ್ಮೇಲೆ ಯಾರಿಗೆ ಏನೇ ಕೊಟ್ರೂ, ಮುಟ್ಟಿತು ಅಂತ ಸೈನು ಮಾಡಿಸ್ಕೋ. ಸೈನು ಬರದಿದ್ರೆ ಹೆಬ್ಬೆಟ್ಟು ಒತ್ತಿಸ್ಕೋ. ಬರಿಗೈಲಿ ಬರಬ್ಯಾಡ!"

"ಆಗ್ಲವ್ವಾ. ಮೊದ್ಲೇ ಹೇಳಬಾರದಿತ್ತಾ?"

ಆಮೇಲೆ ಏನಾಯ್ತು ಅಂತೀರಿ? ಪಂಚಾಕ್ಷರಪ್ಪನ ಅಣ್ಣ ತೀರಿಕೊಂಡ. ಹೆಣ ಹೊರಡೋವಾಗ ಹಾದೀಲಿ ಎರಚೋಕೆ ಮಂಡಕ್ಕಿ ಬೇಕಲ್ಲ, ಜಂಬಣ್ಣನ ಭಟ್ಟೀಗೆ ಹೇಳಿ ಕಳಿಸಿದ್ರು. ಜಂಬಣ್ಣ ಒಂದು ಚೀಲ ಹೊರಿಸಿ ತಿಪ್ಪೇಶೀನ ಅಟ್ಟಿದ. "ಹಿರೇ ಯಜಮಾನ್ರದ್ದು ಅಂತ ಹೇಳಿ ಇಳಿಸಿ ಬಾ."

ಈಗ ಅವರ ಕಡೆ ಸತ್ತೋರನ್ನ ಮಲಗಿಸಂಗಿಲ್ಲ ಅಲ್ವಾ, ಕೂರಿಸ್ತಾರೆ. ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಹೊಸ ರುಮಾಲು ಸುತ್ತಿ ಕೂರಿಸಿದ್ರು. ಮುಂದೆ ಭಜನೆ ನಡೀತಿತ್ತು. ತಿಪ್ಪೇಶಿ ನೋಡಿದ. ಯಜಮಾನ್ರು ಮದುಮಗನಂಗೆ ಕೂತವ್ರೆ! ಸೀದಾ ಹೋಗಿ ಚೀಲ ಇಳಿಸಿದ.

"ಯಜಮಾನ್ರೆ, ನಿಮ್ಮ ಮಂಡಕ್ಕಿ ಬಂತು. ಸೈನು ಮಾಡ್ರಿ."

ಯಜಮಾನ್ರು ಮಾತಾಡ್ಲಿಲ್ಲ.

"ಸೈನು ಬರಂಗಿಲ್ವಾ? ನಾಚ್ಕೋಬ್ಯಾಡ್ರಿ, ನಮ್ಮವ್ವಗೂ ಬರಂಗಿಲ್ಲ." ಅಂದೋನೇ ಭಟ್ಟಿ ಮಸಿ ಮೆತ್ತಿದ್ದ ತನ್ನ ಕೈಯಿಂದ ಹೆಣದ ಹೆಬ್ಬೆಟ್ಟಿಗೆ ಮಸಿ ತಿಕ್ಕಿ, ಜೇಬಿನಾಗಿದ್ದ ಖಾಲಿ ಹಾಳೆ ತೆಗೆದು, ಒತ್ತಿಯೇಬಿಟ್ಟ!

ಭಜನೆ ನಿಂತೋಯ್ತು. ತಾಳ ಹಿಡಿದೋನ ಕೈಲಿ ತಾಳ ಹಂಗೇ ಉಳೀತು. ಸತ್ತೋನ ಮಕ್ಕಳು ಎದ್ದು ನಿಂತ್ರು.

"ಖಾಲಿ ಹಾಳೆ ಮೇಲೆ ಅಪ್ಪನ ಹೆಬ್ಬೆಟ್ಟು! ಯಾರೋ ನಿನ್ನ ಕಳಿಸಿದ್ದು? ಎಲ್ಲಿರೋದು ನೀನು?"

"ಪಂಚಾಕ್ಷರಪ್ಪನ ಮನೇಲಿ."

ಮುಗೀತು! "ಚಿಕ್ಕಪ್ಪಾ! ಹೆಣ ಏಳೋದ್ರೊಳಗೆ ಹೊಲ ಬರೆಸ್ಕೊಳ್ಳೋಕೆ ನಿಂತ್ಯಾ?" ಅಂತ ಮಕ್ಕಳು ಪಂಚಾಕ್ಷರಪ್ಪನ ಕೊರಳಪಟ್ಟಿ ಹಿಡಿದ್ರು. ಅವನು "ನನ್ನಾಣೆ, ದೇವರಾಣೆ" ಅಂತಾನೆ, ಇವರು ಕೇಳಂಗಿಲ್ಲ. ಹಂಗೂ ಹಿಂಗೂ ಜನ ಬಿಡಿಸಿದ್ರು. ತಿಪ್ಪೇಶಿ ಮಾತ್ರ ಬೆನ್ನ ಮೇಲೆ ನಾಲ್ಕು ಗುದ್ದು, ಕೈಲಿ ಹರಿದ ಹಾಳೆ, ಎರಡೂ ಹೊತ್ಕೊಂಡು ಮನೆಗೆ ಬಂದ. "ಅವ್ವಾ, ರಸೀದಿ!"

ಕೊಟ್ರವ್ವ ತಲೆ ಚಚ್ಚಿಕೊಂಡ್ಲು. "ಯಪ್ಪಾ ಶಿವನೇ! ಹೆಣದ ಹೆಬ್ಬೆಟ್ಟು ಒತ್ತಿಸ್ಕೊಂಡು ಬಂದವ್ನಲ್ಲೋ! ದೊಡ್ಡೋರನ್ನ ಸಾಕ್ಷಿಗೆ ಕರೀದೆ ಹೆಬ್ಬೆಟ್ಟು ಒತ್ತಿದ್ರೆ ಕಳ್ಳತನ ಅಂತಾರೆ ಕಣೋ! ಇನ್ಮೇಲೆ ಏನೇ ಮಾಡು, ಇಬ್ಬರು ದೊಡ್ಡ ಮನುಷ್ಯರ ಕಣ್ಣೆದುರಿಗೆ ಮಾಡು. ಇಬ್ಬರು ಸಾಕ್ಷಿ ಇಲ್ಲದೆ ಏನೂ ಮಾಡಬ್ಯಾಡ!"

"ಆಗ್ಲವ್ವಾ. ಮೊದ್ಲೇ ಹೇಳಬಾರದಿತ್ತಾ?"

ಮಾರನೇ ದಿನ ಬೆಳಿಗ್ಗೆ. ಪಂಚಾಕ್ಷರಪ್ಪ ಜಗಲಿ ಮೇಲೆ ಕೂತು ಟೀ ಕುಡೀತಿದ್ದ. ಪಕ್ಕದಾಗೆ ಅವನ ಬೀಗರು, ಅಂದ್ರೆ ಮಗಳ ಮಾವ, ಸಾವಿಗೆ ಬಂದೋರು ಅಲ್ಲೇ ಉಳಿದಿದ್ರು. ರೇಷ್ಮೆ ಶಲ್ಯ, ಕೈಗೆ ಉಂಗುರ. ತಿಪ್ಪೇಶಿ ಒಂದು ಕೈಯಾಗೆ ಚೊಂಬು ಹಿಡ್ಕೊಂಡು ಬಂದು ನಿಂತ.

"ಸಾಹುಕಾರ್ರೆ, ನೀವಿಬ್ಬರೂ ಒಂಚೂರು ಬರಬೇಕು. ಅರ್ಜೆಂಟೈತೆ. ಸಾಕ್ಷಿಗೆ ದೊಡ್ಡ ಮನುಷ್ಯರು ಬೇಕಂತೆ."

ಸಾಕ್ಷಿ ಅಂದ್ಕೂಡ್ಲೆ ಬೀಗರು ಗಾಬರಿ ಆದ್ರು. "ಏನಾರ ಕಳುವಾಯ್ತೇನ್ರೀ?" ಅಂತ ಎದ್ದೇಬಿಟ್ರು. ಪಂಚಾಕ್ಷರಪ್ಪನೂ ಎದ್ದ. ತಿಪ್ಪೇಶಿ ಮುಂದೆ, ಬೀಗರು ನಡುವೆ, ಪಂಚಾಕ್ಷರಪ್ಪ ಹಿಂದೆ. ವಠಾರ ದಾಟಿದ್ರು, ಬಾವಿ ದಾಟಿದ್ರು, ಹಿತ್ತಲಿಗೆ ಬಂದ್ರು. ತಿಪ್ಪೇಶಿ ಪಾಯಿಖಾನೆ ಬಾಗಿಲು ತೆಗೆದ. ಒಳಗೆ ಹೋದ. ಬಾಗಿಲು ಹಾಕ್ಲಿಲ್ಲ. ಲುಂಗಿ ಎತ್ತಿ ಕೂತೇಬಿಟ್ಟ!

"ಸರಿಯಾಗಿ ನೋಡ್ಕೊಳ್ರಿ ಸಾಹುಕಾರ್ರೆ! ಆಮೇಲೆ ನೋಡ್ಲಿಲ್ಲ ಅನ್ನಬಾರದು!"

ಬೀಗರು ಶಲ್ಯಾನ ಮೂಗಿಗೆ ಒತ್ಕೊಂಡು ಹಿಂದಿರುಗಿದೋರು ಜಗಲಿ ಮೇಲೂ ನಿಲ್ಲಲಿಲ್ಲ, ತಿಂಡಿಗೂ ನಿಲ್ಲಲಿಲ್ಲ, ಬಸ್ ಸ್ಟ್ಯಾಂಡಿಗೇ ಹೋದ್ರು. ಪಂಚಾಕ್ಷರಪ್ಪ ವಠಾರ ಅಲ್ಲಾಡೋ ಹಂಗೆ ಕೂಗಿದ: "ಕೊಟ್ರವ್ವಾ! ಇವತ್ತೇ ಮನೆ ಖಾಲಿ ಮಾಡು! ಸಂಜೆ ಒಳಗೆ ಹೋಗದಿದ್ರೆ ಸಾಮಾನೆಲ್ಲ ಬೀದಿಗೆ!"

ಕೊಟ್ರವ್ವ ಎದ್ದೂ ಬಿದ್ದೂ ಕೆಲಸದ ಮನೆಗೆ ಓಡಿದ್ಲು. ಊರು ಹೋಗು ಅಂತೈತೆ, ಕಾಡು ಬಾ ಅಂತೈತೆ. ಮುಸುರೆ ಅಲ್ಲೇ ಬಿಟ್ಟು ವಕೀಲರಮ್ಮನ ಮುಂದೆ ಕೂತು ಅತ್ತೇಬಿಟ್ಲು.

ವಕೀಲರಮ್ಮ ಮೊದಲು ಪಾಯಿಖಾನೆ ವಿಷಯ ಕೇಳಿ ಸೆರಗು ಬಾಯಿಗೆ ತುರುಕ್ಕೊಂಡು ನಕ್ರು. ಆಮೇಲೆ ಕನ್ನಡಕ ಏರಿಸಿ ಹೇಳಿದ್ರು: "ಅಳಬೇಡ ಕೊಟ್ರವ್ವ. ಹೋಗು ಅಂದ ತಕ್ಷಣ ಹೋಗೋಕೆ ನೀವೇನು ಅವನ ಅಂಗಳದ ಕೋಳಿಯಾ? ಬಾಡಿಗೆದಾರರನ್ನ ಬಾಯಿಮಾತಲ್ಲಿ ಬಿಡಿಸೋ ಹಾಗಿಲ್ಲ. ಬರೆದು ನೋಟಿಸ್ ಕೊಡಬೇಕು, ಟೈಮ್ ಕೊಡಬೇಕು, ಆಮೇಲೂ ಕೋರ್ಟಿಗೆ ಹೋಗಬೇಕು. ಸಾಮಾನು ಮುಟ್ಟಿದ್ರೆ ಅವನ ಮೇಲೇ ಕೇಸು."

ಕೊಟ್ರವ್ವ ಓಡಿ ಬಂದು ಮಗನ ಕಿವಿ ಹಿಂಡಿದ್ಲು. "ಕೇಳ್ಸ್ಕೋ, ಮೂಢ! ನೀನು ಏನು ಮಾಡಬೇಕು ಅಂದ್ರೆ, ಯಾರಾದ್ರೂ ಬಂದು 'ಎದ್ದು ಹೋಗು' ಅಂದ್ರೆ ಹೋಗಬ್ಯಾಡ. 'ಬಾಯಿಮಾತಿಗೆ ಹೋಗಲ್ಲ, ಬರೆದು ಕೊಡ್ರಿ, ಟೈಮ್ ಕೊಡ್ರಿ, ಮುಟ್ಟಿದ್ರೆ ಕೇಸು' ಅನ್ನು. ಬರೆದು ಕೊಡೋವರೆಗೂ ಕೂತ ಜಾಗ ಬಿಟ್ಟು ಅಲ್ಲಾಡಬ್ಯಾಡ!"

"ಆಗ್ಲವ್ವಾ. ಮೊದ್ಲೇ ಹೇಳಬಾರದಿತ್ತಾ?"

ಸಂಜೆ ಪಂಚಾಕ್ಷರಪ್ಪ ಇಬ್ಬರು ಆಳುಗಳನ್ನ ಕರ್ಕೊಂಡು ಬಂದ. "ಏಳೋ, ಹೋಗೋ!" ಅಂದ. ತಿಪ್ಪೇಶಿ ಹೊಸ್ತಿಲ ಮೇಲೆ ಕೂತೋನು ಅಲ್ಲಾಡ್ಲಿಲ್ಲ. "ಬಾಯಿಮಾತಿಗೆ ಹೋಗಲ್ಲ. ಬರೆದು ಕೊಡ್ರಿ. ಟೈಮ್ ಕೊಡ್ರಿ. ಮುಟ್ಟಿದ್ರೆ ಕೇಸು!"

ಪಂಚಾಕ್ಷರಪ್ಪ ಆಳುಗಳ ಕಡೆ ತಿರುಗಿ ನೋಡಿದ. ಆಳುಗಳು ಕೇಸು ಅಂದ ಕೂಡ್ಲೆ ಆಗ್ಲೇ ಅರ್ಧ ಓಣಿ ದಾಟಿದ್ರು. ಅವನೂ ಹೋದ. ಕೊಟ್ರವ್ವ ಮಗನ ತಲೆ ನೇವರಿಸಿದ್ಲು. ಹುಟ್ಟಿದಾಗಿಂದ ಮೊದಲನೇ ಸಲ ಹೇಳಿದ್ದನ್ನ ಹೇಳಿದ ಕಡೆ ಮಾಡಿದ್ದ. ಆ ಸಂಜೆ ಒಗ್ಗರಣೆಗೆ ಎರಡು ಹನಿ ಎಣ್ಣೆ ಜಾಸ್ತಿ ಹಾಕಿದ್ಲು.

ಆದ್ರೆ ತಿಪ್ಪೇಶಿ ತಿಪ್ಪೇಶಿನೇ ಅಲ್ವಾ!

ಎರಡು ದಿನ ಆಗಿರಬೇಕು. ಭಟ್ಟೀಲಿ ಉರಿಗೆ ಹಾಕೋ ಹೊಟ್ಟಿನ ರಾಶಿಗೆ ಕಿಡಿ ಬಿತ್ತು. ಧಗ್ ಅಂತ ಹತ್ಕೊಂಡ್ತು. ಖಾಲಿ ಚೀಲಗಳಿಗೆ ಹತ್ತಿತು, ಬುಟ್ಟಿಗಳಿಗೆ ಹತ್ತಿತು. ಕೆಲಸದೋರೆಲ್ಲ ಬಿದ್ದು ಎದ್ದು ಓಡಿದ್ರು. ತಿಪ್ಪೇಶಿ ಒಳಗೆ ಜರಡಿ ಹಿಡ್ಕೊಂಡು ಕೂತಿದ್ದ.

"ಲೇ ತಿಪ್ಪೇಶಿ! ಎದ್ದು ಹೋಗೋ!" ಅಂತ ಜಂಬಣ್ಣ ಬಾಗಿಲಿಂದ ಕೂಗಿದ.

"ಬಾಯಿಮಾತಿಗೆ ಹೋಗಲ್ಲ. ಬರೆದು ಕೊಡ್ರಿ."

"ಬೆಂಕಿ ಕಣೋ! ಬೆಂಕಿ!"

"ಗೊತ್ತಾಯ್ತು. ಬರೆದು ಕೊಡ್ರಿ."

ಜಂಬಣ್ಣ ಒಳಗೆ ನುಗ್ಗಿ ರಟ್ಟೆ ಹಿಡಿದು ಎಳೆದ. ತಿಪ್ಪೇಶೀದು ಚೀಲ ಹೊತ್ತು ಬೆಳೆದ ಮೈ, ಅಲ್ಲಾಡ್ಲೇ ಇಲ್ಲ. "ಮುಟ್ಟಿದ್ರೆ ಕೇಸು!" ಅಂದ. ಪಾಪ ಜಂಬಣ್ಣ, ಅತ್ತ ಬಿಟ್ಟು ಹೋಗೋ ಹಂಗಿಲ್ಲ, ಇತ್ತ ಹೊತ್ತು ಹೋಗೋ ಹಂಗಿಲ್ಲ. ಇದ್ದಿಲ ತುಂಡು ಎತ್ಕೊಂಡು, ಕೆಮ್ಮುತಾ, ಕಣ್ಣೀರು ಸುರಿಸ್ತಾ, ಗೋಡೆ ಮೇಲೆ ಮೊಳದುದ್ದ ಅಕ್ಷರದಾಗೆ ಬರೆದ: ತಿಪ್ಪೇಶಿ ಎದ್ದು ಹೋಗು.

ತಿಪ್ಪೇಶಿ ಒಂದೊಂದೇ ಅಕ್ಷರ ಕೂಡಿಸಿ ಓದಿದ. "ತಿ... ಪ್ಪೇ... ಶಿ... ಸರಿ ಐತೆ. ಟೈಮ್ ಎಷ್ಟು ಕೊಟ್ರಿ?"

ಅಷ್ಟೊತ್ತಿಗೆ ಟೈಮು ಹಿಂದಿನಿಂದಲೇ ಬಂತು. ಲುಂಗಿಗೆ ಬೆಂಕಿ ಹತ್ತಿತು! "ಯವ್ವೋ!" ಅಂತ ಎದ್ದೋನು ಜಂಬಣ್ಣನ್ನೂ ತಳ್ಳಿಕೊಂಡು ಹೊರಗೆ ಹಾರಿ, ನೀರಿನ ತೊಟ್ಟೀಲಿ ಹೋಗಿ ಕೂತ. ಜೀವಕ್ಕೇನೂ ಆಗ್ಲಿಲ್ಲ. ಕೂರೋ ಜಾಗ ಮಾತ್ರ ಚೆನ್ನಾಗಿ ಸುಟ್ಟಿತ್ತು.

ಕೊಟ್ರವ್ವ ಆಸ್ಪತ್ರೇಲಿ ಬೋರಲು ಮಲಗಿದ್ದ ಮಗನಿಗೆ ಗಾಳಿ ಬೀಸ್ತಾ ಬೈದ್ಲು, ಅತ್ಲು, ಮತ್ತೆ ಬೈದ್ಲು. ಜಂಬಣ್ಣನ್ನ ಆಸ್ಪತ್ರೆ ಖರ್ಚು ಕೇಳಿದ್ರೆ ಕೈ ಕೊಡವಿದ. "ಯಾವ ತಿಪ್ಪೇಶಿ? ಅವನು ನಮ್ಮ ಕೆಲಸದೋನೇ ಅಲ್ಲ. ಸುಮ್ನೆ ಬಂದು ಕೂತಿರ್ತಿದ್ದ."

ಸರಿ, ವಕೀಲರಮ್ಮನೇ ಭಟ್ಟಿಗೆ ಬಂದ್ರು. "ನೋಡ್ರಿ ಜಂಬಣ್ಣ, ಕೆಲಸದ ಜಾಗದಲ್ಲಿ ಕೆಲಸ ಮಾಡ್ತಾ ಗಾಯ ಆದ್ರೆ ಮಾಲೀಕ ಪರಿಹಾರ ಕೊಡಬೇಕು, ಚಿಕಿತ್ಸೆ ಖರ್ಚೂ ಕೊಡಬೇಕು."

"ಕೆಲಸದೋನಾದ್ರೆ ಕೊಡ್ತಿದ್ದೆ ಅಮ್ಮಾ. ಅವನು ಯಾರೋ ಎತ್ಲಾಗಿನೋನೋ."

ವಕೀಲರಮ್ಮ ಸುತ್ತ ನೋಡಿದ್ರು. ಗೋಡೆ ನೋಡಿದ್ರು. "ಯಾರು ಬರೆದಿದ್ದು ಇದು?"

"ನಾನೇ! ಎಷ್ಟು ಹೇಳಿದ್ರೂ ಏಳ್ಲಿಲ್ಲ ಅಮ್ಮಾ, ಅದಕ್ಕೇ..."

"ಗುರುತಿಲ್ಲದೋನಿಗೆ ಹೆಸರು ಹಿಡಿದು ಬರೆದ್ರಾ? ಅಷ್ಟು ಬೆಂಕೀಲಿ?"

ಜಂಬಣ್ಣ ಗೋಡೆ ನೋಡಿದ, ವಕೀಲರಮ್ಮನ ಮುಖ ನೋಡಿದ. ಆಸ್ಪತ್ರೆ ಖರ್ಚು ಕೊಟ್ಟ, ಪರಿಹಾರನೂ ಕೊಟ್ಟ, ವಾಸಿ ಆದ ಮೇಲೆ ಕೆಲಸಕ್ಕೆ ಬಾ ಅಂತಲೂ ಅಂದ. ಜೊತೆಗೆ ಇನ್ನೊಂದು ಮಾತಂದ: "ಅಮ್ಮಾ, ಬಾಗಿಲ ಹತ್ರ ಕೆಲಸ ಕೊಡ್ತೀನಿ. ಒಳಗೆ ಬ್ಯಾಡ."

ಈ ಸುದ್ದಿ ಪಂಚಾಕ್ಷರಪ್ಪನ ಕಿವಿಗೆ ಬಿತ್ತು. ಜಂಬಣ್ಣನಂಥ ಜಂಬಣ್ಣನೇ ಬಗ್ಗಿದ ಮೇಲೆ ನನ್ನದೇನು ಅಂತ ಹೆದರಿಕೊಂಡ. ತಾನೇ ವಕೀಲರಮ್ಮನ ಮನೆಗೆ ಹೋಗಿ, "ಇರಲಿ ಬಿಡ್ರಿ ಅಮ್ಮಾ, ಕರಾರು ಪತ್ರ ಮಾಡಿಕೊಡ್ತೀನಿ. ಕಾರು ರಸ್ತೇಲೇ ನಿಲ್ಲಲಿ" ಅಂದ.

ಕರಾರು ಬರೆಯೋ ದಿನ ವಕೀಲರಮ್ಮ ಕೇಳಿದ್ರು: "ಕೊಟ್ರವ್ವ, ಬಾಡಿಗೆದಾರರು ಅಂತ ನಿನ್ನ ಹೆಸರೂ ಮಗನ ಹೆಸರೂ ಎರಡೂ ಹಾಕ್ಲಾ?"

"ಬ್ಯಾಡ್ರಮ್ಮಾ. ನನ್ನ ಹೆಸರು ಬ್ಯಾಡವೇ ಬ್ಯಾಡ. ನಾನು ಹೋದ ಮೇಲೆ 'ಕೊಟ್ರವ್ವ ಸತ್ಲು, ಕರಾರೂ ಸತ್ತೋಯ್ತು' ಅಂದುಬಿಟ್ರೆ? ಅವನೊಬ್ಬನ ಹೆಸರೇ ಇರಲಿ. ಅವನ ತಲೆ ಮೇಲೆ ಒಂದು ಸೂರು ನೋಡಿದ್ರೆ ನಾನು ನೆಮ್ಮದಿಯಾಗಿ ಸಾಯ್ತೀನಿ."

ಹಂಗೇ ಆಯ್ತು. ಪಂಚಾಕ್ಷರಪ್ಪ ಸೈನು ಮಾಡಿದ, ತಿಪ್ಪೇಶಿ ಸೈನು ಮಾಡಿದ. ಕೊಟ್ರವ್ವ ಆ ಪತ್ರಾನ ಕಣ್ಣಿಗೊತ್ತಿಕೊಂಡು, ಅರಿಶಿನ ಹಚ್ಚಿ, ಮಗನ ಕೈಲಿಟ್ಟು ಹೇಳಿದ್ಲು:

"ಮಗನೇ, ಇದು ಪತ್ರ ಅಲ್ಲ, ನಿನ್ನ ಮನೆ. ಇದರಾಗೆ ಬರೆದಿದ್ದನ್ನ ಓದ್ಕೋ. ಬರೆದ ಹಂಗೇ ನಡೀಬೇಕು. ಒಂದಕ್ಷರ ಮೀರಿದ್ರೂ ಪಂಚಾಕ್ಷರಪ್ಪ ಅದನ್ನೇ ನೆಪ ಮಾಡಿ ಹೊರಗೆ ಹಾಕ್ತಾನೆ. ಯಾರು ಏನೇ ಹೇಳ್ಲಿ, ನಾನೇ ಹೇಳ್ಲಿ, ಕರಾರು ಮೀರಬ್ಯಾಡ!"

"ಆಗ್ಲವ್ವಾ. ಮೊದ್ಲೇ ಹೇಳಬಾರದಿತ್ತಾ?"

ಕೊಟ್ರವ್ವ ಖುಷಿಯಾಗಿ ಕೆಲಸಕ್ಕೆ ಹೋದ್ಲು. ವಕೀಲರಮ್ಮ ಡಬ್ಬಿ ತುಂಬ ಶಾವಿಗೆ ಪಾಯಸ ಕೊಟ್ರು. ಅದನ್ನ ಸೆರಗಿನಾಗೆ ಮುಚ್ಕೊಂಡು, ಮಗ ಬಿಸಿ ಬಿಸಿ ಉಣ್ಣಲಿ ಅಂತ ಬೇಗ ಬೇಗ ಹೆಜ್ಜೆ ಹಾಕಿದ್ಲು. ಬಂದು ನೋಡ್ತಾಳೆ, ಜಗಲಿ ಮೇಲೆ ಅವಳ ಟ್ರಂಕು. ಟ್ರಂಕಿನ ಮೇಲೆ ಅವಳ ಕೌದಿ. ಕೌದಿ ಮೇಲೆ ಅವಳ ಎಲೆಅಡಿಕೆ ಚೀಲ. ಬಾಗಿಲಿಗೆ ಅಡ್ಡ ತಿಪ್ಪೇಶಿ, ಕೈಲಿ ಕರಾರು ಪತ್ರ.

"ಏನಲೇ ಇದು? ಪಂಚಾಕ್ಷರಪ್ಪ ಎಸೆದ್ನಾ?" ಅಂದ್ಲು ಕೊಟ್ರವ್ವ.

"ಇಲ್ಲವ್ವಾ, ನಾನೇ ಇಟ್ಟೆ. ಎಸೀಲಿಲ್ಲ, ಮೆಲ್ಲಗೆ ಇಟ್ಟೆ. ಕೇಳಿಲ್ಲಿ." ಅಕ್ಷರದ ಮೇಲೆ ಬೆರಳಿಟ್ಟು ಓದಿದ. "ಬಾ-ಡಿ-ಗೆ-ದಾ-ರ, ತಿಪ್ಪೇಶಿ. ಬಾಡಿಗೆದಾರ ತನ್ನ ಹೊರತು ಬೇರೆ ಯಾರನ್ನೂ ಮನೇಲಿ ಇಟ್ಕೊಳ್ಳಬಾರದು. ನೀನು ತಿಪ್ಪೇಶಿನಾ ಅವ್ವಾ?"

"ನಾನು ನಿನ್ನ ಹೆತ್ತೋಳು ಕಣೋ!"

"ಹುಡುಕಿದೆ ಅವ್ವಾ. ಹೆತ್ತೋಳು ಅಂತ ಎಲ್ಲೂ ಬರೆದಿಲ್ಲ. ಹಿಂದ್ಗಡೆನೂ ತಿರುಗಿಸಿ ನೋಡಿದೆ."

ರಸ್ತೇಲಿ ಕಾರು ಒರೆಸ್ತಿದ್ದ ಪಂಚಾಕ್ಷರಪ್ಪ ಬಟ್ಟೆ ಕೆಳಗೆ ಹಾಕಿ, ಹೊಟ್ಟೆ ಹಿಡ್ಕೊಂಡು, ಕಾರಿಗೇ ಒರಗಿದ. "ಕೊಟ್ರವ್ವಾ! ಇಷ್ಟು ದಿನದಿಂದ ನನ್ನ ಕೈಲಿ ಆಗದೆ ಇದ್ದಿದ್ದನ್ನ ನಿನ್ನ ಮಗ ಒಂದು ಮಧ್ಯಾಹ್ನದಾಗೆ ಮಾಡಿದ್ನಲ್ಲೇ!"

ಕೊಟ್ರವ್ವಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಅತ್ಲು. ಟ್ರಂಕಿನ ಮೇಲೆ ಕುಸಿದು, ಪಾಯಸದ ಡಬ್ಬಿ ಮಡಿಲಾಗಿಟ್ಕೊಂಡು, ಹೋಗೋ ಬರೋ ಜನ ನೋಡ್ತಿದ್ರೂ ಬಿಡದೆ ಅತ್ಲು. "ನಿನಗೊಂದು ಸೂರಿರಲಿ ಅಂತ ಎಷ್ಟು ಹೆಣಗಿದೆನೋ... ಯಾರ ಯಾರ ಕಾಲಿಗೆ ಬಿದ್ದೆನೋ..."

ತಿಪ್ಪೇಶಿಗೆ ಅವ್ವ ಅಳೋದು ನೋಡೋಕೆ ಆಗಂಗಿಲ್ಲ. ಅವನ ಕಣ್ಣಲ್ಲೂ ನೀರು ಬಂತು. ಗಡಿಬಿಡಿಯಾಗಿ ಪತ್ರ ಮತ್ತೆ ಓದಿದ. ಮೇಲಿಂದ ಕೆಳಗೆ ಓದಿದ. ಆಮೇಲೆ ಕುಣಿದೇಬಿಟ್ಟ.

"ಅವ್ವಾ, ಅಳಬ್ಯಾಡ! ಐತೆ, ದಾರಿ ಐತೆ! ಇಲ್ಲಿ ಕೆಳಗೆ ಬರೆದವ್ರೆ, ನೆಂಟರು ಬಂದು ಹೋಗಬಹುದು ಅಂತ! ಬಾ, ಬಾ ಒಳಗೆ!"

ಕಾಲಿಗೆ ನೀರು ಕೊಟ್ಟ. ಒರೆಸ್ಕೊಳ್ಳೋಕೆ ಟವೆಲ್ಲು ಕೊಟ್ಟ. ಅವಳ ಕೌದೀನೇ ಮಡಚಿ ಹಾಸಿ ಕೂರಿಸಿದ. ಬೆಲ್ಲ ನೀರು ಕೊಟ್ಟ. ರೊಟ್ಟಿ ಬಡಿಸಿದ, ಪಾಯಸ ಬಡಿಸಿದ, ಸಾಕು ಸಾಕು ಅಂದ್ರೂ ಬಿಡದೆ ಬಡಿಸಿದ. ಕೊಟ್ರವ್ವ ಜನ್ಮದಾಗೆ ಯಾರ ಕೈಯಿಂದಲೂ ಹಂಗೆ ಬಡಿಸ್ಕೊಂಡು ಉಂಡಿರಲಿಲ್ಲ. ಅಳು ನಿಂತಿತು. ಎದೆ ಹಗುರಾಯ್ತು. ಪೆದ್ದನಾದ್ರೂ ಒಂದು ಮನೆ ನಡೆಸೋದು ಕಲಿತ, ನಾನಿಲ್ಲದಿದ್ರೂ ಬದುಕ್ತಾನೆ ಅನ್ನಿಸ್ತು. ಕೈ ತೊಳ್ಕೊಂಡು, ಎಲೆ ಮಡಚಿ ಬಾಯಿಗೆ ಹಾಕ್ಕೊಂಡು, ಗೋಡೆಗೆ ಒರಗಿ ಕಾಲು ಚಾಚಿದ್ಲು.

ತಿಪ್ಪೇಶಿ ಬಂದು ಎದುರಿಗೆ ಕೂತ. ಕೈ ಕಟ್ಕೊಂಡು ಕೂತ. ಹೊತ್ತು ನೋಡಿದ, ಬಾಗಿಲು ನೋಡಿದ, ಅವ್ವನ ಮುಖ ನೋಡಿದ. ನೆಂಟರನ್ನ ಕೇಳೋ ಹಂಗೇ ಮೆಲ್ಲಗೆ, ಬಲು ಮರ್ಯಾದೆಯಿಂದ ಕೇಳಿದ:

"ಮತ್ತೆ, ಯಾವ ಬಸ್ಸಿಗೆ ಹೊರಡ್ತೀರಿ?"